ಹಳೆಯ ಬ್ಯಾನ್‌ಶೀ ಎಂಜಿನ್ನಿಗೆ 4 ಮಿ.ಮೀ. ಸ್ಟ್ರೋಕರ್ ಕ್ರ್ಯಾಂಕ್: ತುಮಕೂರಿನ ಶೆಡ್ಡಿನಲ್ಲಿ ಮೂರು ತಿಂಗಳು

ಕೆಲಸ ಮುಗಿದು ಎರಡು ವಾರ ಆಯಿತು. ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತಾಗಿ ಬದಲಾಯಿಸುವ ದಂಡ. ಪಿಸ್ಟನ್ ಓಡುವ ಆ ದೂರವೇ ಸ್ಟ್ರೋಕ್, ಅದನ್ನು ಜಾಸ್ತಿ ಮಾಡುವ ಕ್ರ್ಯಾಂಕೇ ಸ್ಟ್ರೋಕರ್. ನೋಟ್‌ಬುಕ್ಕಿನ ಹಾಳೆಗಳಿಗೆಲ್ಲ ಎಣ್ಣೆ ಮೆತ್ತಿದೆ. ಅಂಕಿಗಳು ಅಳಿಸಿಹೋಗುವ ಮುಂಚೆ ಎಲ್ಲವನ್ನೂ ವರಸೆಯಾಗಿ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಈ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ಯಾರಾದರೂ ಹಾಕಿದರೆ ನಾನು ದುಡ್ಡು ಕಳೆದುಕೊಂಡ ಜಾಗದಲ್ಲೇ ಅವರೂ ಕಳೆದುಕೊಳ್ಳಬಾರದು.

ಗಾಡಿ ಯಮಹಾ ಬ್ಯಾನ್‌ಶೀ 350. ನಾಲ್ಕು ಚಕ್ರದ ಎಟಿವಿ, ಕಚ್ಚಾ ದಾರಿಯಲ್ಲಿ ಓಡಿಸುವಂಥದ್ದು. ನೀರಿನಿಂದ ತಣ್ಣಗಾಗುವ ಟು-ಸ್ಟ್ರೋಕ್ ಎಂಜಿನ್, ಅಕ್ಕಪಕ್ಕ ಎರಡು ಸಿಲಿಂಡರ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಒಟ್ಟು 347 ಸಿಸಿ. ನಮ್ಮ ರಾಜ್‌ದೂತ್ 350ರ ಬೋರು, ಸ್ಟ್ರೋಕು ಕೂಡ ಇದೇ. ಹಾಗಾಗಿ ಹಳೆಯ ಮೆಕ್ಯಾನಿಕ್‌ಗಳಿಗೆ ಇದು ತೀರಾ ಹೊಸದು ಅನ್ನಿಸುವುದಿಲ್ಲ. ನಾನು ಇದನ್ನು ರಸ್ತೆಗೆ ಇಳಿಸುವುದಿಲ್ಲ. ಮಧುಗಿರಿ ಕಡೆ ನಮ್ಮದೇ ಹೊಲ ಇದೆ. ಕಡಲೆಕಾಯಿ ಕಿತ್ತ ಮೇಲೆ ಅಲ್ಲೇ ಓಡಿಸುತ್ತೇನೆ. ಮರಳು ಜಾಸ್ತಿ ಇರುವ ಮಣ್ಣು. ಅಲ್ಲಿ ಟಾಪ್ ಸ್ಪೀಡ್‌ನಿಂದ ಏನೂ ಪ್ರಯೋಜನ ಇಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಬೇಕು.

ನವೆಂಬರ್ 9. ಬಿಚ್ಚಿದೆ

ಎಡಗಡೆಯಿಂದ ಕಟಕಟ ಶಬ್ದ ಬರುತ್ತಿತ್ತು. ಐಡಲ್ ಕೂಡ ತಾನಾಗಿಯೇ ಏರುತ್ತಿತ್ತು. ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಅವತ್ತೇ ಅನುಮಾನ ಬಂತು. ಬಿಚ್ಚುವ ಮುಂಚೆ ಎರಡು ಅಳತೆ ತೆಗೆದುಕೊಂಡೆ. ಫ್ಲೈವೀಲ್ ಕಡೆ ಡಿಗ್ರಿ ಡಿಸ್ಕ್ ಕಟ್ಟಿ ಪೋರ್ಟ್ ಟೈಮಿಂಗ್ ನೋಡಿದೆ, ಅಂದರೆ ಕ್ರ್ಯಾಂಕಿನ ಒಂದು ಸುತ್ತಿನಲ್ಲಿ ಸಿಲಿಂಡರ್ ಗೋಡೆಯ ತೂತುಗಳು (ಪೋರ್ಟು) ಎಷ್ಟು ಡಿಗ್ರಿ ತೆರೆದಿರುತ್ತವೆ ಅಂತ. ಹೊಗೆ ಹೋಗುವ ಎಕ್ಸಾಸ್ಟ್ 186 ಡಿಗ್ರಿ, ಹೊಸ ಮಿಶ್ರಣ ಒಳಬರುವ ಟ್ರಾನ್ಸ್‌ಫರ್ 120 ಡಿಗ್ರಿ ತೆರೆದಿರುತ್ತದೆ. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಇಳಿಸಿ, ಎಂಜಿನ್ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆದೆ. ಪಿಸ್ಟನ್ ಟಾಪಿಗೆ ಬಂದಾಗ ಅಂಚಿಗೂ ಹೆಡ್ಡಿಗೂ ನಡುವೆ 1.6 ಮಿ.ಮೀ. ಇತ್ತು. ಇದನ್ನೇ ಸ್ಕ್ವಿಷ್ ಅನ್ನುತ್ತೇವೆ. ಮೂರನೆಯ ಅಳತೆಯೊಂದನ್ನು ತೆಗೆಯಬೇಕಿತ್ತು, ತೆಗೆಯಲಿಲ್ಲ. ಅದರ ದಂಡ ಜನವರಿಯಲ್ಲಿ ಕಟ್ಟಿದೆ.

ಕೇಸು, ಅಂದರೆ ಕ್ರ್ಯಾಂಕ್ ಕೂರುವ ಹೊರಕವಚ, ಬಿಚ್ಚಿದಾಗ ಕಂಡದ್ದು ಇಷ್ಟು. ಎಡಗಡೆ ಕ್ರ್ಯಾಂಕ್ ಸೀಲಿನ ತುಟಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಎಡ ರಾಡಿನ ಕೆಳತುದಿ, ಬಿಗ್ ಎಂಡ್‌ನಲ್ಲಿ ಮೇಲೆ ಕೆಳಗೆ ಆಟ ಕೈಗೇ ಗೊತ್ತಾಗುತ್ತಿತ್ತು. ಅಲ್ಲಿ ಆಟ ಸ್ವಲ್ಪವೂ ಇರಬಾರದು. ವಿ-ಬ್ಲಾಕ್ (ವಿ ಆಕಾರದ ಕಚ್ಚಿರುವ ದಿಮ್ಮಿ) ಮೇಲೆ ಕ್ರ್ಯಾಂಕ್ ಇಟ್ಟು, ಡಯಲ್ ಅನ್ನುವ ಮುಳ್ಳಿನ ಅಳತೆ ಗೇಜು ಹಚ್ಚಿ ತಿರುಗಿಸಿದರೆ ಸೆಂಟರ್ ಔಟ್, ಅಂದರೆ ಓಲಾಟ, 0.14 ಮಿ.ಮೀ. ನಾನು 0.05ಕ್ಕಿಂತ ಜಾಸ್ತಿ ಒಪ್ಪುವುದಿಲ್ಲ. ಬೋರ್ 0.09 ಸವೆದಿತ್ತು. ಅಂದರೆ 64.50ಕ್ಕೆ ಬೋರಿಂಗ್ ಆಗಲೇಬೇಕು.

ನವೆಂಬರ್ 16ರಿಂದ 23. ಯಾವ ಕ್ರ್ಯಾಂಕ್?

ಇಡೀ ಕೆಲಸದಲ್ಲಿ ಕಷ್ಟದ ವಾರ ಇದೇ. ಕೈಯಲ್ಲಿ ಪಾನಾ ಇರಲಿಲ್ಲ, ಬರೀ ಪೆನ್ನು, ಕಾಗದ.

ಮೊದಲ ದಾರಿ, ಹಳೆಯ ಕ್ರ್ಯಾಂಕಿಗೇ ಹೊಸ ರಾಡು, ಪಿನ್ನು, ಬೇರಿಂಗ್ ಹಾಕಿಸುವುದು. ಸುಮಾರು 38,000 ರೂಪಾಯಿ ಲೆಕ್ಕ ಬಂತು. ಬೋರಿಂಗ್ ಬಿಟ್ಟರೆ ಬೇರೆ ಯಾವುದನ್ನೂ ಮುಟ್ಟಬೇಕಿಲ್ಲ. ದುಡ್ಡು ಬಿಗಿ ಇರುವವರು ಇದನ್ನೇ ಮಾಡಿ, ಮುಂದಕ್ಕೆ ಓದುವ ಅಗತ್ಯವೂ ಇಲ್ಲ.

ಎರಡನೆಯದು 4 ಮಿ.ಮೀ. ಸ್ಟ್ರೋಕರ್. ಸ್ಟ್ರೋಕ್ 58 ಆಗುತ್ತದೆ. 64.50 ಬೋರಿನ ಜೊತೆ 379 ಸಿಸಿ. ಮೂರನೆಯದು 7 ಮಿ.ಮೀ., ಸ್ಟ್ರೋಕ್ 61. ಅದಕ್ಕಿಂತ ಮೇಲೆ 10 ಕೂಡ ಸಿಗುತ್ತದೆ. 7ರ ಮೇಲೆ ನನಗೆ ತುಂಬಾ ಆಸೆ ಇತ್ತು. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಹಾಗಿದ್ದಾಗ ದೊಡ್ಡದೇ ಯಾಕಾಗಬಾರದು ಅನ್ನಿಸುತ್ತದೆ ಅಲ್ವಾ? ಆದರೆ ಸ್ಟ್ರೋಕ್ ಎಷ್ಟು ಜಾಸ್ತಿಯಾಯಿತೋ ಅದರ ಅರ್ಧ ಪಿಸ್ಟನ್ ಮೇಲಕ್ಕೆ ಹೋಗುತ್ತದೆ, ಇನ್ನರ್ಧ ಕೆಳಕ್ಕೆ. 7ರಲ್ಲಿ ಮೇಲೆ ಮೂರೂವರೆ, ಕೆಳಗೆ ಮೂರೂವರೆ. ಕೇಸಿನೊಳಗೆ ಲೋಹ ಕೆತ್ತಬೇಕು. ಹಳೆಯ ಸಿಲಿಂಡರಿನ ಪೋರ್ಟುಗಳು ಇರುವ ಎತ್ತರ ಅದಕ್ಕೆ ಹೊಂದುವುದಿಲ್ಲ. ಕೊನೆಗೆ ಸಿಲಿಂಡರನ್ನೂ ಬದಲಾಯಿಸುವ ಹಂತಕ್ಕೆ ಬರುತ್ತೇವೆ. ನನ್ನ ಹೊಲಕ್ಕೆ ಅಷ್ಟು ಬೇಕಿರಲಿಲ್ಲ. 4ರಲ್ಲಿ ಮೇಲೆ 2, ಕೆಳಗೆ 2. ಹೆಡ್ಡು ಕೆತ್ತಿದರೆ ಹಳೆಯ ಸಿಲಿಂಡರೇ ನಡೆಯುತ್ತದೆ. ಅಲ್ಲಿಗೆ ಸ್ಟ್ರೋಕ್ ತೀರ್ಮಾನ ಆಯಿತು.

ಆಮೇಲೆ ರಾಡಿನ ಪ್ರಶ್ನೆ. ಕಂಪನಿ ರಾಡು ಸೆಂಟರಿನಿಂದ ಸೆಂಟರಿಗೆ 110 ಮಿ.ಮೀ. ಸ್ಟ್ರೋಕರ್ ಕ್ರ್ಯಾಂಕು 110ರಲ್ಲೂ ಸಿಗುತ್ತದೆ, 115ರಲ್ಲೂ ಸಿಗುತ್ತದೆ. ರಾಡಿನ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿ ನೋಡಿದೆ. ಕಂಪನಿಯದು 2.04. 58ಕ್ಕೆ 110 ಹಾಕಿದರೆ 1.90ಕ್ಕೆ ಇಳಿಯುತ್ತದೆ. 115 ಹಾಕಿದರೆ 1.98. ಈ ಸಂಖ್ಯೆ ಇಳಿದಷ್ಟೂ ರಾಡು ಜಾಸ್ತಿ ಓರೆಯಾಗಿ ಪಿಸ್ಟನ್ನನ್ನು ಬೋರಿನ ಗೋಡೆಗೆ ಒತ್ತುತ್ತದೆ. ಈ ಗಾಡಿಗೆ ಬಿಡಿಭಾಗ ಸಿಗುವುದು ಕಷ್ಟ. ಬೋರು ಬೇಗ ಸವೆಯುವುದು ನನಗೆ ಬೇಡವಾಗಿತ್ತು. 115 ಆರಿಸಿದೆ. ಅದು ಸರಿಯಾದ ಆಯ್ಕೆ ಅಂತ ಈಗಲೂ ಹೇಳುತ್ತೇನೆ.

ಕ್ರ್ಯಾಂಕು, ಎರಡು ರಾಡು, ಬೇರಿಂಗ್ ಸೇರಿ 46,000. ಕೊರಿಯರ್, ಕಸ್ಟಮ್ಸ್ ಸುಂಕ ಸೇರಿ ಇನ್ನೂ 19,500. ಹೊರದೇಶದಿಂದ ತರಿಸುವವರು ಈ ಎರಡನೆಯ ಅಂಕಿಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಆದ ದೊಡ್ಡ ತಪ್ಪನ್ನೂ ಈಗಲೇ ಹೇಳಿಬಿಡುತ್ತೇನೆ. ಪಿಸ್ಟನ್ ಜೋಡಿಯನ್ನು ನವೆಂಬರ್ 18ಕ್ಕೇ ತರಿಸಲು ಹೇಳಿದ್ದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ. ರಾಡು 115 ಅಂತ ನಿರ್ಧಾರ ಮಾಡಿದ್ದು 23ಕ್ಕೆ. ಎರಡೂ ಒಂದಕ್ಕೊಂದು ಹೊಂದುತ್ತವಾ ಅಂತ ತಿರುಗಿ ನೋಡಲೇ ಇಲ್ಲ.

ಡಿಸೆಂಬರ್ 19. ಪೆಟ್ಟಿಗೆ ಬಂತು

ಹೊಸ ಕ್ರ್ಯಾಂಕು ನೋಡಲು ಚಂದ. ಜೊತೆಗೆ ಚೀಟಿಯೂ ಇತ್ತು, ಅಳತೆ ನೋಡಿ ಕಳಿಸಿದ್ದೇವೆ ಅಂತ. ಆದರೂ ವಿ-ಬ್ಲಾಕಿಗೆ ಏರಿಸಿದೆ. ಎಡ ತುದಿ 0.04, ಪರವಾಗಿಲ್ಲ. ಬಲ ತುದಿ 0.09.

ಈ ಕ್ರ್ಯಾಂಕು ಒಂದೇ ಕಬ್ಬಿಣದ ತುಂಡಲ್ಲ. ನಾಲ್ಕು ಗಾಲಿ, ಎರಡು ಪಿನ್ನು, ನಡುವೆ ಒಂದು ಜೋಡಣೆ, ಎಲ್ಲವನ್ನೂ ಪ್ರೆಸ್ಸಿನಲ್ಲಿ ಒತ್ತಿ ಸೇರಿಸಿರುತ್ತಾರೆ. ದೂರದ ಪ್ರಯಾಣದಲ್ಲಿ ಪೆಟ್ಟಿಗೆ ಒಂದು ಸಲ ಜೋರಾಗಿ ಬಿದ್ದರೂ ಸಾಕು, ಅಳತೆ ಕದಲುತ್ತದೆ. ಹೀಗಾಗಿ ಕಳಿಸಿದವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಅಳೆಯದೆ ಹಾಕಿದ್ದರೆ ತಪ್ಪು ನನ್ನದೇ ಆಗುತ್ತಿತ್ತು.

ಸರಿ ಮಾಡೋಣ ಅಂತ ನಾನೇ ತಾಮ್ರದ ಸುತ್ತಿಗೆ ಹಿಡಿದೆ. ಡಯಲ್ ಎಲ್ಲಿ ಏರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎರಡು ಏಟು ಹೊಡೆದೆ. 0.09 ಇದ್ದದ್ದು 0.16 ಆಯಿತು. ಸುತ್ತಿಗೆ ಕೆಳಗಿಟ್ಟೆ. 65,500 ರೂಪಾಯಿಯ ಸಾಮಾನು ಎದುರಿಗಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಡಿಸೆಂಬರ್ 24. ಯಜಮಾನರ ಮನೆಯಲ್ಲಿ

ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ 2016ರಲ್ಲಿ ಮುಚ್ಚಿತು. ಆದರೆ ಅಲ್ಲಿ ದುಡಿದ ಕೈಗಳು ಇನ್ನೂ ಈ ಊರಿನಲ್ಲೇ ಇವೆ. ನಮ್ಮ ಬೀದಿಯ ಕೊನೆಯಲ್ಲಿ ಅಂಥವರೊಬ್ಬರು ಇದ್ದಾರೆ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಡೀ ಸರ್ವೀಸು ಕಳೆದವರು. ಕ್ರ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ.

ನೋಡಿದವರೇ ಕೇಳಿದರು. "ಒಂದೇ ಡಯಲ್ ಇಟ್ಟು ಹೊಡೆದ್ಯೇನಪ್ಪಾ?"

"ಹೌದು ಸರ್."

"ಎರಡು ಇಡಬೇಕು. ಒಂದು ತುದಿ ಏನು ಹೇಳುತ್ತೆ ಅಂತ ಕೇಳಿಕೊಂಡು ಇನ್ನೊಂದನ್ನು ಬಿಟ್ಟರೆ ಹೆಂಗೆ?"

ಎರಡೂ ತುದಿಗೆ ಡಯಲ್ ಇಟ್ಟು ನಿಧಾನವಾಗಿ ತಿರುಗಿಸಿದರು. ಒಂದು ಕಡೆಯ ಎರಡು ಗಾಲಿಗಳು ಪಿನ್ನಿನ ಸುತ್ತ ಒಂದಕ್ಕೊಂದು ತಿರುಚಿಕೊಂಡಿದ್ದರೆ ಎರಡು ಡಯಲ್ಲೂ ಎದುರುಬದುರು ದಿಕ್ಕಿನಲ್ಲಿ ಏರುತ್ತವೆ. ಆಗ ಗಾಲಿಯ ಅಂಚಿಗೆ ಏಟು. ಗಾಲಿಗಳು ಪಿನ್ನಿನ ಕಡೆ ಹತ್ತಿರ ಬಂದಿದ್ದರೆ ಅಥವಾ ಅಗಲಿದ್ದರೆ ಎರಡೂ ಒಂದೇ ದಿಕ್ಕಿನಲ್ಲಿ ಏರುತ್ತವೆ. ಆಗ ಏಟು ಹೊಡೆಯಬಾರದು. ನಡುವೆ ಬೆಣೆ ಇಟ್ಟು ಅಗಲಿಸಬೇಕು, ಇಲ್ಲವೇ ವೈಸಿನಲ್ಲಿ ಹಿಡಿದು ಒತ್ತಬೇಕು. ನನ್ನದು ಎರಡನೆಯ ಜಾತಿಯ ದೋಷ. ನಾನು ಮಾಡಿದ್ದು ಮೊದಲನೆಯದರ ಔಷಧಿ.

ಮೊದಲು ನಾನು ತಿರುಚಿದ್ದನ್ನು ಬಿಡಿಸಿದರು. ಆಮೇಲೆ ಬಲಗಡೆಯ ಗಾಲಿಗಳ ನಡುವೆ ಹಿತ್ತಾಳೆಯ ಬೆಣೆ ಇಟ್ಟು ಒಂದೊಂದೇ ಪುಟ್ಟ ಏಟು ಕೊಟ್ಟರು. ಪ್ರತಿ ಏಟಿಗೂ ಮತ್ತೆ ಅಳತೆ. ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಎಡ 0.02, ಬಲ 0.03. ದುಡ್ಡು ಕೊಡಲು ಹೋದರೆ ಬೇಡವೇ ಬೇಡ ಅಂದರು. ಊರಿಂದ ಇಪ್ಪತ್ತು ತೆಂಗಿನಕಾಯಿ ತಂದುಕೊಟ್ಟೆ.

ಡಿಸೆಂಬರ್ 28. ಸುಮ್ನೆ ಜೋಡಿಸಿ ನೋಡಿದ್ದು

ಅಷ್ಟರಲ್ಲಿ ಬೋರಿಂಗ್, ಹೋನಿಂಗ್ ಆಗಿತ್ತು. ಎರಡು ಸಿಲಿಂಡರಿಗೆ 2,400. ಪಿಸ್ಟನ್ನಿಗೂ ಬೋರಿಗೂ ನಡುವೆ 0.07 ಬಿಡಿಸಿದೆ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಅಷ್ಟು ಬೇಕು.

ಕ್ರ್ಯಾಂಕನ್ನು ಕೇಸಿನಲ್ಲಿ ಮಲಗಿಸಿದೆ. ಬೇರಿಂಗಿನ ಹೊರಸುತ್ತಿನಲ್ಲಿರುವ ಪುಟ್ಟ ಪಿನ್ನುಗಳು ಕೇಸಿನಲ್ಲಿ ತಮ್ಮ ಕಚ್ಚಿನೊಳಗೇ ಕೂರಬೇಕು. ಕೂರದಿದ್ದರೂ ಮೇಲಿನ ಕೇಸು ಮುಚ್ಚಿಕೊಂಡ ಹಾಗೆ ಕಾಣುತ್ತದೆ. ಬೋಲ್ಟು ಬಿಗಿದಾಗ ಕೇಸೇ ಹಾಳು. ಬೆರಳಲ್ಲಿ ಒಂದೊಂದನ್ನೂ ಮುಟ್ಟಿ ನೋಡಿದೆ. ಬಿಗ್ ಎಂಡ್ ತಿರುಗುವ ದಾರಿಗೆ ಮಕ್ಕಳು ಆಡುವ ಕ್ಲೇ ಮೆತ್ತಿ ಒಂದು ಸುತ್ತು ತಿರುಗಿಸಿದೆ. ಮುಂಭಾಗದಲ್ಲಿ ಒಂದು ಕಡೆ 1.1 ಮಿ.ಮೀ. ಮಾತ್ರ ಜಾಗ. ಉಳಿದೆಡೆ ಧಾರಾಳ. ಅರದಿಂದ ಅಲ್ಲಿ ಸ್ವಲ್ಪ ಉಜ್ಜಿ 1.6 ಮಾಡಿದೆ.

ಆಮೇಲೆ ಪಿಸ್ಟನ್, ಸಿಲಿಂಡರ್ ಇಳಿಸಿ ಕೈಯಲ್ಲಿ ತಿರುಗಿಸಿದೆ. ಪಿಸ್ಟನ್ ಸಿಲಿಂಡರಿನ ಮೇಲಂಚು ದಾಟಿ ಎದ್ದು ಬಂತು, ಬರುತ್ತಲೇ ಇತ್ತು. 7 ಮಿ.ಮೀ. ಮೇಲಿನ ರಿಂಗು ಬೋರಿನಿಂದ ಆಚೆ ಹಾರಿತು.

ಲೆಕ್ಕ ತುಂಬಾ ಸುಲಭದ್ದು. ಸ್ಟ್ರೋಕಿನಿಂದ 2, ಉದ್ದ ರಾಡಿನಿಂದ 5. ಉದ್ದ ರಾಡಿಗೆ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ನಿನ ತೂತು 5 ಮಿ.ಮೀ. ಮೇಲಿರುವ ಬೇರೆಯೇ ಪಿಸ್ಟನ್ ಬೇಕು. ನನ್ನ ಹತ್ತಿರ ಇದ್ದದ್ದು 110 ರಾಡಿನ ಪಿಸ್ಟನ್. 14,200 ರೂಪಾಯಿ ಹೋಯಿತು. ಬೋರಿನಲ್ಲಿ ಇಳಿಸಿದ ಪಿಸ್ಟನ್ನನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ, ನಾನೂ ಕೇಳಲಿಲ್ಲ. ಸರಿಯಾದದ್ದು ಬೆಂಗಳೂರಿನಲ್ಲಿ ಒಬ್ಬರ ಬಳಿ ಇದೆ ಅಂತ ಗೊತ್ತಾಗಿ ಹೋಗಿ ತಂದೆ, 16,800. ಅಳತೆ ಮೊದಲನೆಯದಕ್ಕೆ ಸರಿಹೊಂದಿತು. ಮತ್ತೆ ಬೋರಿಂಗ್ ಮಾಡಿಸುವುದು ತಪ್ಪಿತು.

ಕ್ರ್ಯಾಂಕ್ ತರಿಸುವವರು ಸ್ಟ್ರೋಕ್, ರಾಡಿನ ಉದ್ದ, ಪಿಸ್ಟನ್ನಿನ ಪಿನ್ ಎತ್ತರ, ಈ ಮೂರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡು ಆಮೇಲೆ ದುಡ್ಡು ಕಟ್ಟಿ.

ಜನವರಿ 4. ಕೆಳಗೆ ಪ್ಲೇಟೋ, ಹೆಡ್ಡಿನಲ್ಲಿ ಕೆತ್ತನೆಯೋ

ಹೊಸ ಪಿಸ್ಟನ್ ಲೆಕ್ಕದಂತೆ 2 ಮಿ.ಮೀ. ಮೇಲೆ ಬಂತು. ಮೇಲಿನ ರಿಂಗು ಬೋರಿನ ಅಂಚಿಗಿಂತ ಇನ್ನೂ ಒಂದೂವರೆ ಮಿ.ಮೀ. ಒಳಗೇ ಇತ್ತು. ಈ 2 ಮಿ.ಮೀ.ಗೆ ಎರಡು ಪರಿಹಾರ ಇದೆ. ಸಿಲಿಂಡರಿನ ಕೆಳಗೆ 2 ಮಿ.ಮೀ. ಅಲ್ಯೂಮಿನಿಯಂ ಪ್ಲೇಟು ಇಡಬಹುದು. ಇಲ್ಲವೇ ಹೆಡ್ಡಿನ ಒಳಗೆ ಕೆತ್ತಬಹುದು. ಪ್ಲೇಟು ಅಗ್ಗ, ಲೇತ್ ಕೆಲಸವೇ ಇಲ್ಲ. ಹಾಗಾಗಿ ಮೊದಲು ಪ್ಲೇಟಿಟ್ಟು ಡಿಗ್ರಿ ಡಿಸ್ಕ್ ಕಟ್ಟಿ ನೋಡಿದೆ.

ಪ್ಲೇಟು ಇಟ್ಟಾಗ ಎಕ್ಸಾಸ್ಟ್ 195, ಟ್ರಾನ್ಸ್‌ಫರ್ 136. ತೆಗೆದಾಗ ಎಕ್ಸಾಸ್ಟ್ 187, ಟ್ರಾನ್ಸ್‌ಫರ್ 126.

ನವೆಂಬರ್ 9ರಂದು ಬರೆದುಕೊಂಡ 186, 120 ಈಗ ಉಪಯೋಗಕ್ಕೆ ಬಂತು. ಪ್ಲೇಟು ಇಟ್ಟರೆ ಪೋರ್ಟುಗಳೆಲ್ಲ ಒಟ್ಟಿಗೆ ಮೇಲೆ ಏರುತ್ತವೆ, ಜಾಸ್ತಿ ಹೊತ್ತು ತೆರೆದಿರುತ್ತವೆ. ಶಕ್ತಿಯೆಲ್ಲ ಮೇಲಿನ ಆರ್‌ಪಿಎಂಗೆ ಹೋಗಿ ಕೂರುತ್ತದೆ. ನಾನು ಸ್ಟ್ರೋಕರ್ ಹಾಕಿದ್ದೇ ಕೆಳಗಿನ ಎಳೆತಕ್ಕೆ. ಪ್ಲೇಟು ಅದನ್ನೇ ಕಿತ್ತುಕೊಳ್ಳುತ್ತದೆ. ಹೆಡ್ಡು ಕೆತ್ತುವುದು ಅಂತ ತೀರ್ಮಾನ ಮಾಡಿದೆ.

ಎರಡೂ ಸಿಲಿಂಡರಿಗೆ ಒಂದೇ ಹೆಡ್ಡು. ಅಂತರಸನಹಳ್ಳಿಯ ಲೇತ್ ಅಂಗಡಿಯಲ್ಲಿ ಫೇಸ್ ಪ್ಲೇಟಿಗೆ ಕಟ್ಟಿ, ಒಂದೊಂದೇ ಗುಂಡಿಯನ್ನು ಸೆಂಟರಿಗೆ ತಂದು ಕೆತ್ತಿದರು. ಅಂಚಿನಲ್ಲಿ 1.6 ಮಿ.ಮೀ. ಇಳಿಸಿದ್ದು. ಸೋಲ್ಡರ್ ತಂತಿಯಲ್ಲಿ ನೋಡಿದರೆ ಸ್ಕ್ವಿಷ್ 1.2. ನನಗೆ ಬೇಕಾಗಿದ್ದೂ ಅಷ್ಟೇ.

ಜನವರಿ 11. ಗಾಳಿ ಪರೀಕ್ಷೆ

ಕೇಸಿನ ಕೂಡುಗೆರೆಗೆ ಅನಬಾಂಡ್ ಅಂಟು ಹಚ್ಚಿ ಮುಚ್ಚಿದೆ. ಹೊಸ ಸೀಲು, ಗ್ಯಾಸ್ಕೆಟ್ 7,400. ರಿಂಗ್ ಗ್ಯಾಪ್, ಅಂದರೆ ರಿಂಗಿನ ಎರಡು ತುದಿಗಳ ನಡುವಿನ ಸಂದು, 0.35 ಮಿ.ಮೀ. ಹೆಡ್ ನಟ್ಟುಗಳನ್ನು ಅಡ್ಡಡ್ಡ ವರಸೆಯಲ್ಲಿ, ಮೂರು ಸುತ್ತಿನಲ್ಲಿ 28 ನ್ಯೂಟನ್ ಮೀಟರಿಗೆ ಬಿಗಿದೆ.

ಟು-ಸ್ಟ್ರೋಕಿಗೆ ಗಾಳಿ ಪರೀಕ್ಷೆ ಮಾಡದೆ ಸ್ಟಾರ್ಟ್ ಮಾಡಬೇಡಿ. ದೊಡ್ಡ ಉಪಕರಣ ಏನೂ ಬೇಡ. ಎಕ್ಸಾಸ್ಟಿಗೆ ರಬ್ಬರ್ ಬಿರಡೆ, ಕಾರ್ಬುರೇಟರಿನ ಜಾಗಕ್ಕೆ ಪೈಪಿನ ತುಂಡು, ಅದಕ್ಕೆ ಮನೆಯಲ್ಲಿದ್ದ ಬಿ.ಪಿ. ನೋಡುವ ಉಪಕರಣದ ಬಲ್ಬು, ಗೇಜು. ಆ ಗೇಜಿನಲ್ಲಿ 300 ಮಿ.ಮೀ. ಪಾದರಸದವರೆಗೆ ಒತ್ತಿದರೆ ಸುಮಾರು 5.8 ಪಿಎಸ್‌ಐ, ಸಾಕು. ಆರು ನಿಮಿಷ ಮುಳ್ಳು ಅಲ್ಲಾಡಬಾರದು. ನನ್ನದು ಒಂದೇ ನಿಮಿಷಕ್ಕೆ 180ಕ್ಕೆ ಬಿತ್ತು. ಸೋಪಿನ ನೀರು ಸವರಿದೆ. ಬಲಗಡೆಯ ಇಂಟೇಕ್ ರಬ್ಬರಿನ ಸೀಳಿನಿಂದ ಗುಳ್ಳೆ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು. ಬೇರೆ ರಬ್ಬರ್ ಹಾಕಿದ ಮೇಲೆ ಮುಳ್ಳು ನಿಂತಿತು.

ಜನವರಿ 13. ಹೆಡ್ಡು ಮತ್ತೆ ಕೆಳಗೆ

ಸಂಕ್ರಾಂತಿಗೆ ಊರಿಗೆ ಗಾಡಿ ಒಯ್ಯಬೇಕು ಅಂತ ಅವಸರ ಇತ್ತು. ಕಂಪ್ರೆಷನ್ ಗೇಜ್ ಹಾಕಿ ಕಿಕ್ ಹೊಡೆದೆ. 178 ಪಿಎಸ್‌ಐ. ಬಂಕಿನ ಪೆಟ್ರೋಲಿಗೆ ಇದು ಜಾಸ್ತಿ. ಲೋಡಿನಲ್ಲಿ ಎಂಜಿನ್ ಬಡಿಯುತ್ತದೆ, ಪಿಸ್ಟನ್ ತೂತು ಬೀಳುತ್ತದೆ.

ನಾನು ಬಿಟ್ಟ ಮೂರನೆಯ ಅಳತೆ ಇದೇ. ಸ್ಕ್ವಿಷ್ ಅಳೆದೆ, ಒಳಗಿನ ಜಾಗ ಅಳೆಯಲಿಲ್ಲ. ಪಿಸ್ಟನ್ 2 ಮಿ.ಮೀ. ಮೇಲೆ ಬಂದರೆ ಈ ಬೋರಿನಲ್ಲಿ ಆರೂವರೆ ಸಿಸಿ ಜಾಗ ತಿನ್ನುತ್ತದೆ. ಅಂಚಿನಲ್ಲಿ ನಾವು ಕೆತ್ತಿದ್ದು ಅದರ ಅರ್ಧದಷ್ಟೂ ಇಲ್ಲ. ಪಿಸ್ಟನ್ನನ್ನು ಟಾಪಿನಲ್ಲಿಟ್ಟು, ಸಿರಿಂಜಿನಿಂದ ಪ್ಲಗ್ ತೂತಿಗೆ ಎಣ್ಣೆ ಬಿಟ್ಟು ನೋಡಿದೆ. 15 ಸಿಸಿಗೆ ತುಂಬಿತು. ಹೆಡ್ಡು ಬಿಚ್ಚಿ ಮತ್ತೆ ಲೇತಿಗೆ ಒಯ್ದೆ. ಈ ಸಲ ಅಂಚು ಮುಟ್ಟದೆ ನಡುವಿನ ಬಟ್ಟಲನ್ನು ಮಾತ್ರ ಅಗಲ ಮಾಡಿಸಿದೆ. 17.5 ಸಿಸಿ ಬಂತು. ಗೇಜಿನಲ್ಲಿ 150. ಎರಡೂ ಸಲದ್ದು ಸೇರಿ ಲೇತಿಗೆ 1,600. ಸಂಕ್ರಾಂತಿ ಮಾತ್ರ ತಪ್ಪಿಹೋಯಿತು.

ಜನವರಿ 24, 25. ಹೊಲದಲ್ಲಿ

ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋದೆ, ಬಾಡಿಗೆ 1,800. ಈ ಎಂಜಿನ್ನಿಗೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲಿಗೇ ಬೆರೆಸಬೇಕು. 32ಕ್ಕೆ 1, ಅಂದರೆ 5 ಲೀಟರಿಗೆ 156 ಮಿ.ಲೀ. ಮೊದಲ ಟ್ಯಾಂಕ್ ಪೂರ್ತಿ ಅರ್ಧ ಥ್ರಾಟಲಿಗಿಂತ ಕಡಿಮೆ. ಐದು ನಿಮಿಷ ಓಡಿಸುವುದು, ಪೂರ್ತಿ ತಣ್ಣಗಾಗಲು ಬಿಡುವುದು.

ಕಾರ್ಬುರೇಟರ್ ಹಳೆಯದೇ, 26 ಮಿ.ಮೀ. ಮಿಕುನಿ ಎರಡು. ಪೆಟ್ರೋಲ್ ಬಿಡುವ ತೂತಿನ ತುಂಡು, ಮೇನ್ ಜೆಟ್, ಕಂಪನಿಯದು 200 ನಂಬರಿನದು. ಫಿಲ್ಟರು, ಸೈಲೆನ್ಸರು ಎರಡನ್ನೂ ಬದಲಾಯಿಸಿಲ್ಲ. ಆದರೂ ಎಂಜಿನ್ ದೊಡ್ಡದಾಗಿದೆ, ಪೆಟ್ರೋಲಿನಲ್ಲಿ ಎಥನಾಲ್ ಇದೆ. ಎಥನಾಲ್ ಇದ್ದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಇನ್ನೂ ಬಡವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಬೀಳುತ್ತದೆ. ಹಾಗಾಗಿ ದೊಡ್ಡದರಿಂದ ಶುರು ಮಾಡಿ ಕೆಳಗಿಳಿದೆ. 240ರಲ್ಲಿ ಉಸಿರು ಕಟ್ಟಿದಂತೆ ಗೊರಗೊರ ಅಂದಿತು. 230ರಲ್ಲಿ ಪೂರ್ತಿ ಥ್ರಾಟಲಿನಲ್ಲಿ ಸರಿಯಾಗಿ ಎಳೆಯಿತು, ಪ್ಲಗ್ ಕಾಫಿಪುಡಿ ಬಣ್ಣ. 220ರಲ್ಲಿ ಇನ್ನೂ ಚುರುಕು, ಆದರೆ ಪ್ಲಗ್ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. 230ಕ್ಕೇ ವಾಪಸ್ ಬಂದೆ. ಜೆಟ್ಟುಗಳಿಗೆ 1,080.

ಮೊದಲು ಹೊಲದ ಮೂಲೆಯ ದಿಬ್ಬ ಹತ್ತಲು ಸೆಕೆಂಡ್ ಗೇರಿನಲ್ಲಿ ಕ್ಲಚ್ ಆಡಿಸಬೇಕಿತ್ತು. ಈಗ ಥರ್ಡ್‌ನಲ್ಲೇ ಏರುತ್ತದೆ, ಮರಳಿನಲ್ಲಿ ಗೇರ್ ಇಳಿಸದೆ ಎಳೆಯುತ್ತದೆ. ಮೇಲಿನ ತುದಿಯಲ್ಲಿ ವ್ಯತ್ಯಾಸ ಅಷ್ಟಾಗಿ ಇಲ್ಲ. ನನಗೆ ಬೇಕಾಗಿದ್ದದ್ದೂ ಕೆಳಗಿನದೇ.

ಬಾಡಿಗೆ ಬಿಟ್ಟು, ಆಯಿಲ್, ಕೂಲೆಂಟ್, ಚಿಲ್ಲರೆ ಸಾಮಾನಿನ 2,300 ಸೇರಿಸಿದರೆ ಒಟ್ಟು 1,11,280 ರೂಪಾಯಿ. ಅದರಲ್ಲಿ 14,200 ಶುದ್ಧ ನಷ್ಟ, ಶೆಲ್ಫಿನ ಮೇಲೆ ಡಬ್ಬದಲ್ಲಿ ಕೂತಿದೆ.

ಫೆಬ್ರವರಿ 8

ಹನ್ನೆರಡು ಗಂಟೆ ಓಡಿದ ಮೇಲೆ ಹೆಡ್ ನಟ್ಟು ನೋಡಿದೆ. ಎರಡು ಸ್ವಲ್ಪ ಸಡಿಲವಾಗಿದ್ದವು, ಬಿಗಿದೆ. ಕ್ಲಚ್ ಫೋರ್ತ್ ಗೇರಿನಲ್ಲಿ ಜಾರುತ್ತಿದೆ. ಗಟ್ಟಿ ಸ್ಪ್ರಿಂಗ್ ಹಾಕಬೇಕು, ಅದು ಮುಂದಿನ ಕೆಲಸ. ಫ್ಲೈವೀಲ್ ಕಳಚಿ ಕ್ರ್ಯಾಂಕಿನ ಎಡ ತುದಿಗೆ ಡಯಲ್ ಹಚ್ಚಿ ತಿರುಗಿಸಿದೆ. 0.02. ಕ್ಲಚ್ ಕವರ್ ತೆಗೆದು ಬಲ ತುದಿಯನ್ನೂ ನೋಡಿದೆ. 0.03. ಸಂಜೆ ಹೋಗಿ ಯಜಮಾನರಿಗೆ ಎರಡೂ ಅಂಕಿ ಹೇಳಿ ಬಂದೆ.